ಅಢಾವೆ ಪತ್ರಿಕೆ ಓದಿದ ಸಂಸದ: ಲೋಕಸಭೆಯ ಚರ್ಚೆಗಳಿಗೆ ಫಿರೋಜ್ ಗಾಂಧಿಯವರ ಕೊಡುಗೆ

ಪೀಠಿಕೆ

ಸಂಸತ್ತಿನ ಕಲಾಪವೆಂದರೆ ಗದ್ದಲ, ಸಭಾತ್ಯಾಗ, ಆರೋಪ-ಪ್ರತ್ಯಾರೋಪ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿ ಬೇರೂರಿದೆ. ಆಯವ್ಯಯ ಮಂಡನೆಯ ದಿನವೊಂದನ್ನು ಬಿಟ್ಟರೆ ಸದನದ ಚರ್ಚೆಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ಸಂಬಂಧವಿಲ್ಲವೆಂದು ಭಾವಿಸುವವರೇ ಹೆಚ್ಚು. ಈ ಭಾವನೆ ಪೂರ್ಣ ಸತ್ಯವಲ್ಲ. ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ಒಬ್ಬ ಸಾಮಾನ್ಯ ಸದಸ್ಯರು, ಯಾವ ಮಂತ್ರಿ ಪದವಿಯೂ ಇಲ್ಲದೆ, ಲೆಕ್ಕಪತ್ರಗಳ ಆಧಾರದಿಂದ ಮಾಡಿದ ಕೆಲವೇ ಭಾಷಣಗಳು ದೇಶದ ಜೀವ ವಿಮಾ ವ್ಯವಸ್ಥೆ, ಪತ್ರಿಕಾ ಸ್ವಾತಂತ್ರ್ಯ ಹಾಗೂ ಮಂತ್ರಿಗಳ ಹೊಣೆಗಾರಿಕೆಯ ಮೇಲೆ ಶಾಶ್ವತ ಪರಿಣಾಮ ಬೀರಿದವು. ಅವರೇ ರಾಯ್‌ಬರೇಲಿ ಕ್ಷೇತ್ರದ ಸದಸ್ಯರಾಗಿದ್ದ ಫಿರೋಜ್ ಗಾಂಧಿಯವರು.

ಅವರನ್ನು ಪ್ರಧಾನಮಂತ್ರಿ ನೆಹರೂರವರ ಅಳಿಯನೆಂದು ಸ್ಮರಿಸುವುದು ರೂಢಿ. ವಾಣಿಜ್ಯ ಕ್ಷೇತ್ರದವರು ಅವರನ್ನು ಬೇರೊಂದು ಕಾರಣಕ್ಕಾಗಿ ಅರಿಯಬೇಕಾಗಿದೆ. ಪರರ ಹಣವನ್ನು ಕೈಯಲ್ಲಿ ಹಿಡಿದವರು, ಖಾಸಗಿಯವರಾಗಲಿ ಸರ್ಕಾರವೇ ಆಗಲಿ, ಲೆಕ್ಕ ಒಪ್ಪಿಸಲೇಬೇಕೆಂಬ ಸರಳ ತತ್ತ್ವವನ್ನು ಅವರು ಎರಡೂ ಕಡೆಗೆ ಸಮನಾಗಿ ಅನ್ವಯಿಸಿದರು. ಈ ಲೇಖನದ ಕೇಂದ್ರ ವಿಷಯವೂ ಅದೇ.

ವ್ಯಕ್ತಿ ಪರಿಚಯ

ಫಿರೋಜ್ ಗಾಂಧಿಯವರು 1912ರ ಸೆಪ್ಟೆಂಬರ್ 12ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಅಲಹಾಬಾದಿನಲ್ಲಿ ಬೆಳೆದು, ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡರು. ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತ ನಿರ್ದೇಶಕರಾಗಿ ಕಾರ್ಯ ನಿರ್ವಹಿಸಿದ್ದರಿಂದ ಸಂಸ್ಥೆಯೊಂದರ ಆದಾಯ-ವೆಚ್ಚಗಳ ಒಳಹೊರಗು ಅವರಿಗೆ ಪರಿಚಿತವಾಗಿತ್ತು. 1952ರ ಪ್ರಥಮ ಮಹಾಚುನಾವಣೆಯಲ್ಲಿಯೂ 1957ರಲ್ಲಿಯೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ ಆಯ್ಕೆಯಾದರು. ಮೊದಲ ಮೂರು ವರ್ಷಗಳಲ್ಲಿ ಸದನದಲ್ಲಿ ಅವರ ಹೆಸರು ಹೆಚ್ಚಾಗಿ ಕೇಳಿಬರಲಿಲ್ಲ. 1955ರ ಡಿಸೆಂಬರಿನಲ್ಲಿ ಪರಿಸ್ಥಿತಿ ಬದಲಾಯಿತು.

ಜೀವ ವಿಮಾ ನಿಧಿಯ ಸ್ವರೂಪ

ಆ ಭಾಷಣದ ಮಹತ್ವ ತಿಳಿಯಲು ಜೀವ ವಿಮಾ ವ್ಯವಹಾರದ ಒಂದು ವೈಶಿಷ್ಟ್ಯವನ್ನು ಮೊದಲು ಗ್ರಹಿಸಬೇಕು. ಕಿರಾಣಿ ವ್ಯಾಪಾರಿಯು ಮೊದಲು ಸರಕು ಕೊಟ್ಟು ನಂತರ ಹಣ ಪಡೆಯುತ್ತಾನೆ. ವಿಮಾ ಕಂಪನಿಯು ಮೊದಲು ಕಂತಿನ ಹಣ ಪಡೆದು ಇಪ್ಪತ್ತು ಇಪ್ಪತ್ತೈದು ವರ್ಷಗಳ ನಂತರ ತನ್ನ ಋಣ ತೀರಿಸುತ್ತದೆ. ಈ ನಡುವಿನ ಕಾಲದಲ್ಲಿ ಅದರ ಬಳಿ ಬೃಹತ್ ನಿಧಿ ಶೇಖರವಾಗುತ್ತದೆ. ಕಂಪನಿಯ ಷೇರು ಬಂಡವಾಳ ಅತ್ಯಲ್ಪ, ಪಾಲಿಸಿದಾರರ ನಿಧಿ ಅದರ ಹಲವು ಪಟ್ಟು. ಹೀಗಾಗಿ ಸಣ್ಣ ಬಂಡವಾಳ ಹೂಡಿ ಷೇರುಗಳ ನಿಯಂತ್ರಣ ಪಡೆದವನು ದೊಡ್ಡ ನಿಧಿಯ ಮೇಲೆ ಹಿಡಿತ ಸಾಧಿಸಬಲ್ಲನು.

ಅಂತಹ ಹಿಡಿತ ದುರುಪಯೋಗವಾಗುವ ಬಗೆಗಳು ಲೆಕ್ಕಪರಿಶೋಧಕರಿಗೆ ಚಿರಪರಿಚಿತ. ತನ್ನದೇ ಇತರ ಕಂಪನಿಗಳಿಗೆ ಭದ್ರತೆಯಿಲ್ಲದೆ ಸಾಲ ಕೊಡಿಸುವುದು, ತನ್ನ ಬಳಿಯ ಮೌಲ್ಯ ಕುಸಿದ ಷೇರುಗಳನ್ನು ಹೆಚ್ಚಿನ ಬೆಲೆಗೆ ವಿಮಾ ನಿಧಿಗೆ ಮಾರುವುದು, ವರ್ಷಾಂತ್ಯದ ಅಢಾವೆ ಪತ್ರಿಕೆಯ ದಿನಕ್ಕೆ ಸರಿಯಾಗಿ ಹಣ ಹಿಂದಿರುಗಿಸಿದಂತೆ ತೋರಿಸಿ ಮರುವಾರವೇ ಮತ್ತೆ ಒಯ್ಯುವುದು ಇವುಗಳಲ್ಲಿ ಮುಖ್ಯವಾದವು. ಪಾಲಿಸಿದಾರರು ದೇಶದ ತುಂಬ ಚದುರಿದ ಸಣ್ಣ ಗುಮಾಸ್ತರು, ಶಿಕ್ಷಕರು, ಅಂಗಡಿಕಾರರು. ಇವರಲ್ಲಿ ಯಾರೂ ಕಂಪನಿಯ ಮಹಾಸಭೆಗೆ ಬಂದು ಪ್ರಶ್ನಿಸುವವರಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯಲಾರದು.

1955ರ ಭಾಷಣ: ಖಾಸಗಿ ವಲಯದ ಲೆಕ್ಕ

1955ರ ಡಿಸೆಂಬರಿನಲ್ಲಿ ವಿಮಾ ಕಾಯ್ದೆಯ ತಿದ್ದುಪಡಿ ಮಸೂದೆ ಚರ್ಚೆಗೆ ಬಂದಾಗ ಫಿರೋಜ್ ಗಾಂಧಿಯವರು ಕೈಗಾರಿಕೋದ್ಯಮಿ ರಾಮಕೃಷ್ಣ ದಾಲ್ಮಿಯಾರವರ ಸಮೂಹಕ್ಕೆ ಸೇರಿದ ಸಂಸ್ಥೆಗಳ ವ್ಯವಹಾರಗಳನ್ನು ಸದನದ ಮುಂದಿಟ್ಟರು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಣ ಸಾಗುವ ಮಾರ್ಗವನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸಿದರು. ಸಾರ್ವಜನಿಕರ ನಿಧಿಯು ವೈಯಕ್ತಿಕ ಉದ್ದೇಶಗಳಿಗೆ ಹರಿದಿದೆ ಎಂಬುದು ಅವರ ವಾದವಾಗಿತ್ತು. ವಿಮಾ ಮಸೂದೆಯ ಚರ್ಚೆ ಕಾಯ್ದೆಯ ಕಲಮುಗಳನ್ನು ಮೀರಿ ಒಂದು ಉದ್ಯಮ ಸಮೂಹದ ಲೆಕ್ಕಪುಸ್ತಕಗಳವರೆಗೆ ಹೋಯಿತು.

ಇದು ಕೇವಲ ಮಾತಾಗಿ ಉಳಿಯಲಿಲ್ಲ. ಭಾರತ್ ಇನ್ಶೂರೆನ್ಸ್ ಕಂಪನಿಯ ಎರಡು ಕೋಟಿ ರೂಪಾಯಿಗೂ ಮೀರಿದ ಹಣವನ್ನು ಭಾರತ್ ಯೂನಿಯನ್ ಏಜೆನ್ಸೀಸ್ ಎಂಬ ಸಂಸ್ಥೆಯ ಷೇರು ಸಟ್ಟಾ ವ್ಯವಹಾರದ ನಷ್ಟ ತುಂಬಲು ಬಳಸಿದ ಪ್ರಕರಣದಲ್ಲಿ ದಾಲ್ಮಿಯಾರವರಿಗೆ ಶಿಕ್ಷೆಯಾಯಿತು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು. ದಾಲ್ಮಿಯಾ-ಜೈನ್ ಸಮೂಹದ ಕಂಪನಿಗಳ ಆಡಳಿತವನ್ನು ಪರಿಶೀಲಿಸಲು 1956ರ ಡಿಸೆಂಬರಿನಲ್ಲಿ ವಿಚಾರಣಾ ಆಯೋಗವೊಂದನ್ನು ನೇಮಿಸಲಾಯಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1958ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪಾಗಿದೆ.

1956ರ ಜನವರಿ 19ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಜೀವ ವಿಮಾ ಕಂಪನಿಗಳ ಆಡಳಿತವನ್ನು ವಹಿಸಿಕೊಂಡಿತು. ಹಣಕಾಸು ಸಚಿವ ಸಿ. ಡಿ. ದೇಶಮುಖ್‌ರವರು ಇದನ್ನು ಆಕಾಶವಾಣಿಯಲ್ಲಿ ಪ್ರಕಟಿಸಿದರು. 154 ಭಾರತೀಯ ಕಂಪನಿಗಳು, 16 ವಿದೇಶೀ ಕಂಪನಿಗಳು ಹಾಗೂ 75 ಪ್ರಾವಿಡೆಂಟ್ ಸೊಸೈಟಿಗಳು, ಒಟ್ಟು 245 ಸಂಸ್ಥೆಗಳು ಒಂದುಗೂಡಿ 1956ರ ಸೆಪ್ಟೆಂಬರ್ 1ರಂದು ಐದು ಕೋಟಿ ರೂಪಾಯಿಗಳ ಸರ್ಕಾರಿ ಬಂಡವಾಳದೊಡನೆ ಭಾರತೀಯ ಜೀವ ವಿಮಾ ನಿಗಮ ಅಸ್ತಿತ್ವಕ್ಕೆ ಬಂದಿತು. ರಾಷ್ಟ್ರೀಕರಣಕ್ಕೆ ಒಂದು ಭಾಷಣವೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಆ ಕ್ರಮಕ್ಕೆ ಅಗತ್ಯವಾದ ಜನಾಭಿಪ್ರಾಯವನ್ನು ಅದು ಸಿದ್ಧಗೊಳಿಸಿತೆಂಬುದನ್ನು ಅಲ್ಲಗಳೆಯಲಾಗದು.

1956ರ ಕಾಯ್ದೆ: ಸದನದ ಮಾತು ಹೊರಗೆ ತಲುಪುವ ಬಗೆ

ಸಂವಿಧಾನದ 105ನೇ ಅನುಚ್ಛೇದದಂತೆ ಸದಸ್ಯರು ಸದನದಲ್ಲಿ ಆಡಿದ ಮಾತಿಗಾಗಿ ಅವರ ಮೇಲೆ ಯಾವ ನ್ಯಾಯಾಲಯದಲ್ಲಿಯೂ ದಾವೆ ಹೂಡುವಂತಿಲ್ಲ. ಆದರೆ ಅದೇ ಮಾತನ್ನು ಮರುದಿನ ಅಚ್ಚು ಮಾಡುವ ಪತ್ರಿಕೆಗೆ ಆ ರಕ್ಷಣೆ ಸ್ಪಷ್ಟವಾಗಿ ಇರಲಿಲ್ಲ. ಪ್ರಬಲ ಉದ್ಯಮಿಯೊಬ್ಬರ ವಿರುದ್ಧ ಸದನದಲ್ಲಿ ಬಂದ ಆರೋಪವನ್ನು ಪ್ರಕಟಿಸಿದ ಸಂಪಾದಕರು ಮಾನನಷ್ಟ ಮೊಕದ್ದಮೆಗೆ ಅಂಜಬೇಕಾಗಿತ್ತು. ಪಾಲಿಸಿದಾರನಿಗೆ ತನ್ನ ಹಣದ ವಿಷಯ ತಿಳಿಯಬೇಕಾದರೆ ಈ ತೊಡಕು ನಿವಾರಣೆಯಾಗಬೇಕಿತ್ತು.

ಫಿರೋಜ್ ಗಾಂಧಿಯವರು ಖಾಸಗಿ ಸದಸ್ಯರ ಮಸೂದೆಯೊಂದನ್ನು ಮಂಡಿಸಿದರು. ದುರುದ್ದೇಶವಿಲ್ಲದೆ, ಸಾರಾಂಶದಲ್ಲಿ ಸತ್ಯವಾಗಿ, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ ಸಂಸದೀಯ ವರದಿಗೆ ರಕ್ಷಣೆ ನೀಡುವುದು ಅದರ ಉದ್ದೇಶ. ಅದೇ 1956ರ ಸಂಸದೀಯ ಕಲಾಪಗಳ (ಪ್ರಕಟಣಾ ರಕ್ಷಣೆ) ಕಾಯ್ದೆ. ಸ್ವಾತಂತ್ರ್ಯಾನಂತರ ಕಾಯ್ದೆಯಾದ ಖಾಸಗಿ ಸದಸ್ಯರ ಮಸೂದೆಗಳು ಕೇವಲ 14, ಅವುಗಳಲ್ಲಿ ಕೊನೆಯದು ಅಂಗೀಕೃತವಾದದ್ದು 1970ರಲ್ಲಿ ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿದೀತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಇದೇ ಕಾಯ್ದೆ ರದ್ದಾಯಿತು. ಆಗ ಪ್ರಧಾನಮಂತ್ರಿಯಾಗಿದ್ದವರು ಫಿರೋಜ್ ಗಾಂಧಿಯವರ ಪತ್ನಿ ಇಂದಿರಾ ಗಾಂಧಿಯವರು. 1977ರಲ್ಲಿ ಕಾಯ್ದೆ ಪುನಃ ಜಾರಿಗೆ ಬಂದಿತು. 1978ರ 44ನೇ ತಿದ್ದುಪಡಿಯಿಂದ ಈ ರಕ್ಷಣೆ 361-ಎ ಅನುಚ್ಛೇದವಾಗಿ ಸಂವಿಧಾನದಲ್ಲಿಯೇ ಸೇರಿತು.

1957ರ ಚರ್ಚೆ: ಸರ್ಕಾರದ ಲೆಕ್ಕ

ರಾಷ್ಟ್ರೀಕರಣವಾದೊಡನೆ ಪಾಲಿಸಿದಾರನ ಹಣ ಸುರಕ್ಷಿತವೆಂಬ ನಂಬಿಕೆ ಒಂದು ವರ್ಷವೂ ಬಾಳಲಿಲ್ಲ. 1957ರ ಜೂನ್ ತಿಂಗಳಿನಲ್ಲಿ ಜೀವ ವಿಮಾ ನಿಗಮವು ಕಲ್ಕತ್ತೆಯ ಉದ್ಯಮಿ ಹರಿದಾಸ್ ಮುಂಧ್ರಾರವರಿಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗಳಿಗೆ ಖರೀದಿಸಿತು. ರಿಚರ್ಡ್‌ಸನ್ ಅಂಡ್ ಕ್ರುಡಾಸ್, ಜೆಸಪ್, ಸ್ಮಿತ್ ಸ್ಟ್ಯಾನಿಸ್ಟ್ರೀಟ್, ಆಸ್ಲರ್ ಲ್ಯಾಂಪ್ಸ್, ಏಂಜೆಲೊ ಬ್ರದರ್ಸ್ ಮತ್ತು ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಇವೇ ಆ ಆರು ಕಂಪನಿಗಳು. ಮುಂಧ್ರಾರವರ ಆರ್ಥಿಕ ಸ್ಥಿತಿ ಆಗಲೇ ಹದಗೆಟ್ಟಿತ್ತು. ನಿಗಮದ ಹೂಡಿಕೆ ಸಮಿತಿಯನ್ನು ಮುಂಚಿತವಾಗಿ ವಿಚಾರಿಸದೆಯೇ ವ್ಯವಹಾರ ಮುಗಿದಿತ್ತು.

ಸದನದಲ್ಲಿ ವಿಷಯ ಮೊದಲು ಪ್ರಶ್ನೆಯ ರೂಪದಲ್ಲಿ ಬಂದಿತು. ಸರ್ಕಾರದ ಉತ್ತರ ಅಪೂರ್ಣವಾಗಿತ್ತು. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಚರ್ಚೆಯಲ್ಲಿ ಭಾಗವಹಿಸಿ, ಹಣಕಾಸು ಸಚಿವಾಲಯದ ಪತ್ರವ್ಯವಹಾರದ ಮಾಹಿತಿ ಹಾಗೂ ಷೇರು ದರಗಳ ಆಧಾರದ ಮೇಲೆ ವ್ಯವಹಾರದ ಪ್ರತಿಯೊಂದು ಎಳೆಯನ್ನೂ ಬಿಡಿಸಿದರು. ಸಂಸತ್ತೇ ಸೃಷ್ಟಿಸಿದ ಬೃಹತ್ ಆರ್ಥಿಕ ಸಂಸ್ಥೆಯ ಮೇಲೆ ಸಂಸತ್ತೇ ಕಣ್ಣಿಡಬೇಕೆಂಬುದು ಅವರ ಭಾಷಣದ ಮೂಲ ಸೂತ್ರ. ಆಡಳಿತ ಪಕ್ಷದ ಸದಸ್ಯರೊಬ್ಬರು, ಅದರಲ್ಲಿಯೂ ಪ್ರಧಾನಮಂತ್ರಿಯ ಅಳಿಯ, ತಮ್ಮದೇ ಸರ್ಕಾರದ ಹಣಕಾಸು ಸಚಿವರ ಲೆಕ್ಕ ಕೇಳಿದರು.

ಇಲ್ಲಿ ಬೆಲೆಯ ಪ್ರಶ್ನೆ ಮುಖ್ಯವಾದುದು. ಉದಾಹರಣೆಗೆ, ಮಾರುವವನ ಬಳಿ ಒಂದು ಲಕ್ಷ ಷೇರುಗಳಿದ್ದು ಪೇಟೆಯ ದರ 10 ರೂಪಾಯಿ ಇದೆಯೆಂದು ಭಾವಿಸೋಣ. ಕೆಲವು ನೂರು ಷೇರುಗಳ ಕೊಳ್ಳುವಿಕೆಯಿಂದ ದರ 12 ರೂಪಾಯಿಗೆ ಏರಬಹುದು. ಆ ದಿನದ ದರವನ್ನೇ ಆಧಾರವಾಗಿಟ್ಟು ಲಕ್ಷ ಷೇರುಗಳನ್ನೂ ನೇರವಾಗಿ ಕೊಂಡವನು ಎರಡು ಲಕ್ಷ ರೂಪಾಯಿ ಹೆಚ್ಚು ಕೊಟ್ಟಂತಾಯಿತು. ದಾಖಲೆಯಲ್ಲಿ ಮಾತ್ರ ಪೇಟೆಯ ದರಕ್ಕೇ ಕೊಂಡಂತೆ ಕಾಣುತ್ತದೆ. ಆದ್ದರಿಂದ ಒಂದು ದಿನದ ದರ ಸಾಲದು. ಹಿಂದಿನ ವಾರಗಳ ದರ, ಮಾರಾಟಗಾರನ ಸ್ಥಿತಿ, ಕೊಳ್ಳುವ ಪ್ರಸ್ತಾವನೆ ಯಾರಿಂದ ಬಂತು ಎಂಬುದನ್ನೆಲ್ಲ ಒಟ್ಟಾಗಿ ನೋಡಬೇಕು.

ಛಾಗ್ಲಾ ಆಯೋಗ

ಸರ್ಕಾರವು ವಿಚಾರಣೆಗೆ ಒಪ್ಪಿತು. 1958ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾರವರ ಏಕಸದಸ್ಯ ಆಯೋಗ ನೇಮಕವಾಯಿತು. ವಿಚಾರಣೆ ಮುಂಬಯಿಯಲ್ಲಿ ಬಹಿರಂಗವಾಗಿ ನಡೆಯಿತು. ಕಿಕ್ಕಿರಿದ ಜನರಿಗಾಗಿ ಹೊರಗೆ ಧ್ವನಿವರ್ಧಕಗಳನ್ನು ಅಳವಡಿಸಬೇಕಾಯಿತು. ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ, ಹಣಕಾಸು ಕಾರ್ಯದರ್ಶಿ ಎಚ್. ಎಂ. ಪಟೇಲ್, ರಿಸರ್ವ್ ಬ್ಯಾಂಕಿನ ಗವರ್ನರ್ ಎಚ್. ವಿ. ಆರ್. ಅಯ್ಯಂಗಾರ್ ಮೊದಲಾದವರು ಸಾಕ್ಷ್ಯ ನುಡಿದರು. ಫೆಬ್ರವರಿ 10ರ ವೇಳೆಗೆ, ಒಂದು ತಿಂಗಳೊಳಗೇ, ವರದಿ ಸಿದ್ಧವಾಯಿತು. ವಿಚಾರಣಾ ಆಯೋಗಗಳು ವರ್ಷಗಟ್ಟಲೆ ಎಳೆಯುವುದನ್ನು ಕಂಡವರಿಗೆ ಇದು ಅಚ್ಚರಿಯ ಸಂಗತಿ.

ಕಲ್ಕತ್ತೆಯ ಷೇರುಪೇಟೆಯನ್ನು ಸ್ಥಿರಗೊಳಿಸಲು ಷೇರು ಕೊಳ್ಳಲಾಯಿತೆಂಬ ಸಮರ್ಥನೆಯನ್ನು ಆಯೋಗ ಒಪ್ಪಲಿಲ್ಲ. ಪೇಟೆಯನ್ನು ಎತ್ತಬೇಕಾದರೆ ಪೇಟೆಯಲ್ಲಿ ಕೊಳ್ಳಬೇಕೇ ಹೊರತು ಒಬ್ಬನೇ ವ್ಯಕ್ತಿಯ ಕೈಯಿಂದ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆಯೋಗವು ನಿರೂಪಿಸಿದ ತತ್ತ್ವಗಳಲ್ಲಿ ಮುಖ್ಯವಾದವು ಇವು:

1. ಸ್ವಾಯತ್ತ ನಿಗಮದ ಕೆಲಸದಲ್ಲಿ ಸರ್ಕಾರ ಹಸ್ತಕ್ಷೇಪ ಮಾಡಬಾರದು. ನಿರ್ದೇಶನ ನೀಡಬೇಕಾದಲ್ಲಿ ಲಿಖಿತವಾಗಿಯೇ ನೀಡಬೇಕು.

2. ನಿಗಮದ ಅಧ್ಯಕ್ಷರು ವ್ಯವಹಾರ, ಹಣಕಾಸು ಹಾಗೂ ಷೇರುಪೇಟೆಯ ಅನುಭವವುಳ್ಳವರಾಗಿರಬೇಕು.

3. ಸರ್ಕಾರಿ ಸೇವೆಯಿಂದ ಬಂದ ಅಧಿಕಾರಿಗಳ ನಿಷ್ಠೆ ನಿಗಮಕ್ಕೆ ಸಲ್ಲಬೇಕು.

4. ನಿಗಮದ ಹಣ ಪಾಲಿಸಿದಾರರ ಹಿತಕ್ಕಾಗಿಯೇ ವಿನಿಯೋಗವಾಗಬೇಕು.

5. ಮಂತ್ರಿಯು ಆದಷ್ಟು ಬೇಗ ಸಂಸತ್ತನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ತನ್ನ ಅಧೀನರ ಕಾರ್ಯಕ್ಕೆ ತಾನೇ ಹೊಣೆ ಹೊರಬೇಕು.

ಮೊದಲನೆಯ ತತ್ತ್ವ ಹೊಸದೇನಲ್ಲ. ನೀತಿ ವಿಷಯಗಳಲ್ಲಿ ಕೇಂದ್ರ ಸರ್ಕಾರದ ನಿರ್ದೇಶನ ಲಿಖಿತವಾಗಿರಬೇಕೆಂದು ಜೀವ ವಿಮಾ ನಿಗಮ ಕಾಯ್ದೆಯ 21ನೇ ಕಲಮು ಮೊದಲೇ ಹೇಳಿತ್ತು. ನಿಯಮವು ಪುಸ್ತಕದಲ್ಲಿತ್ತು, ಪಾಲಿಸಿದವರಿರಲಿಲ್ಲ.

1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರು ರಾಜೀನಾಮೆ ನೀಡಿದರು. ಮುಂಧ್ರಾರವರು ಸೆರೆವಾಸ ಅನುಭವಿಸಿದರು. ಇದರಿಂದ ಎಲ್ಲರ ಸಾರ್ವಜನಿಕ ಜೀವನ ಮುಗಿಯಲಿಲ್ಲವೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಕೃಷ್ಣಮಾಚಾರಿಯವರು 1963ರಲ್ಲಿ ಮತ್ತೆ ಹಣಕಾಸು ಸಚಿವರಾದರು. ಎಚ್. ಎಂ. ಪಟೇಲರು 1977ರ ಜನತಾ ಸರ್ಕಾರದಲ್ಲಿ ಅದೇ ಖಾತೆ ವಹಿಸಿಕೊಂಡರು. ಚರ್ಚೆಯ ನಿಜವಾದ ಫಲ ವ್ಯಕ್ತಿಗಳ ಪತನವಲ್ಲ, ತತ್ತ್ವಗಳ ಸ್ಥಾಪನೆ.

ಅವರ ವಿಧಾನದ ವಿಶ್ಲೇಷಣೆ

ಎರಡೂ ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಫಿರೋಜ್ ಗಾಂಧಿಯವರ ಕಾರ್ಯವಿಧಾನ ಸ್ಪಷ್ಟವಾಗುತ್ತದೆ. ಮೊದಲನೆಯದು, ಅವರು ದಾಖಲೆಯಿಂದ ಆರಂಭಿಸುತ್ತಿದ್ದರು. ಆರೋಪವು ದಾಖಲೆಯ ಹಿಂದೆ ಬರುತ್ತಿತ್ತು. ಎರಡನೆಯದು, ದಿನಾಂಕಗಳನ್ನು ಕ್ರಮವಾಗಿ ಜೋಡಿಸುತ್ತಿದ್ದರು. ಒಂದೊಂದಾಗಿ ನೋಡಿದರೆ ನಿರ್ದೋಷವೆನಿಸುವ ನಮೂದುಗಳು ಕಾಲಾನುಕ್ರಮದಲ್ಲಿ ಬೇರೆಯೇ ಕಥೆ ಹೇಳುತ್ತವೆಂಬುದು ಲೆಕ್ಕಪರಿಶೋಧಕರ ನಿತ್ಯದ ಅನುಭವ. ಮೂರನೆಯದು, ಸದನದ ಪ್ರತಿಯೊಂದು ಸಾಧನವನ್ನೂ ಅದರ ಸ್ಥಾನದಲ್ಲಿ ಬಳಸುತ್ತಿದ್ದರು. ಪ್ರಶ್ನೋತ್ತರವು ಸರ್ಕಾರದ ಹೇಳಿಕೆಯನ್ನು ದಾಖಲೆಗೆ ತರುತ್ತದೆ. ಚರ್ಚೆಯು ಆ ಹೇಳಿಕೆಯನ್ನು ಸಂಗತಿಗಳೊಡನೆ ತಾಳೆ ನೋಡುತ್ತದೆ. ತಾಳೆಯಾಗದಾಗ ವಿಚಾರಣೆಯ ಬೇಡಿಕೆ ತಾನಾಗಿ ಮೂಡುತ್ತದೆ. ರೋಕಡಿ ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡುವ ಕ್ರಮವೂ ಇದೇ.

ಅವರ ಎಲ್ಲ ನಿಲುವುಗಳನ್ನೂ ವಾಣಿಜ್ಯ ವಲಯ ಒಪ್ಪಬೇಕೆಂದಿಲ್ಲ. ರೈಲ್ವೆ ಎಂಜಿನ್ನುಗಳಿಗೆ ಟೆಲ್ಕೊ ಕಂಪನಿ ಪಡೆಯುತ್ತಿದ್ದ ಬೆಲೆ ಜಪಾನಿನ ಎಂಜಿನ್ನಿನ ಬೆಲೆಯ ಸುಮಾರು ಎರಡರಷ್ಟೆಂದು ವಾದಿಸಿ ಅದರ ರಾಷ್ಟ್ರೀಕರಣಕ್ಕೂ ಅವರು ಒತ್ತಾಯಿಸಿದ್ದರು. ತಾವೂ ಪಾರ್ಸಿ, ಟಾಟಾರವರೂ ಪಾರ್ಸಿ ಎಂಬುದನ್ನು ಅವರು ಲೆಕ್ಕಿಸಲಿಲ್ಲ. ಬೆಲೆ ಹೆಚ್ಚೆಂದಮಾತ್ರಕ್ಕೆ ರಾಷ್ಟ್ರೀಕರಣವೇ ಪರಿಹಾರವೆಂಬುದು ಚರ್ಚಾಸ್ಪದ. ಅವರ 1955ರ ಭಾಷಣವು ದಾರಿಮಾಡಿಕೊಟ್ಟ ನಿಗಮವೇ ಎರಡು ವರ್ಷಗಳಲ್ಲಿ ಅವರ 1957ರ ಭಾಷಣಕ್ಕೆ ವಸ್ತುವಾದದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಖಾಸಗಿ ಒಡೆತನದಲ್ಲಿ ನಡೆದ ತಪ್ಪು ಸರ್ಕಾರಿ ಒಡೆತನದಲ್ಲಿಯೂ ನಡೆಯಿತು. ಬೀಗ ಬದಲಾಯಿತು, ಕೀಲಿಕೈ ಹಿಡಿದವನನ್ನು ಕೇಳುವ ವ್ಯವಸ್ಥೆ ಬದಲಾಗಿರಲಿಲ್ಲ. ಇದನ್ನು ಕಂಡಾಗ ತಮ್ಮ ಹಿಂದಿನ ನಿಲುವಿನ ಸಮರ್ಥನೆಗಾಗಿ ಅವರು ಮೌನ ತಾಳಲಿಲ್ಲ. ಅವರ ಪ್ರಾಮಾಣಿಕತೆಯ ಅಳತೆಗೋಲು ಇದೇ.

ವರ್ತಕರು ಮತ್ತು ಸಣ್ಣ ಕೈಗಾರಿಕೆಗಳಿಗೆ ಪ್ರಸ್ತುತತೆ

ಇವು ದೆಹಲಿ, ಕಲ್ಕತ್ತೆಗಳ ದೊಡ್ಡವರ ಕಥೆಯೆಂದು ತಳ್ಳಿಹಾಕುವಂತಿಲ್ಲ. ವರ್ತಕ ಸಮುದಾಯದ ಅನೇಕರು ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಹಕಾರ ಸಂಘ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿದ್ದಾರೆ. ಕುಟುಂಬದ ವ್ಯವಹಾರವನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಪರಿವರ್ತಿಸಿದವರೂ ಇದ್ದಾರೆ. ಅವರೆಲ್ಲರೂ ಗಮನಿಸಬೇಕಾದ ಅಂಶಗಳು ಹೀಗಿವೆ:

ಅ) ಹಣ ಯಾರದೆಂಬ ಅರಿವು: ಕಂಪನಿಯ ಹಣ ಕಂಪನಿಯದೇ, ಎಲ್ಲ ಷೇರುಗಳೂ ಒಂದೇ ಕುಟುಂಬದಲ್ಲಿದ್ದರೂ ಅದು ಯಜಮಾನರ ಸ್ವಂತ ಗಲ್ಲಾಪೆಟ್ಟಿಗೆಯಲ್ಲ. 2013ರ ಕಂಪನಿ ಕಾಯ್ದೆಯ 185ನೇ ಕಲಮು ನಿರ್ದೇಶಕರಿಗೆ ನೀಡುವ ಸಾಲವನ್ನು ನಿಯಂತ್ರಿಸುತ್ತದೆ. ಖಾಸಗಿ ಕಂಪನಿಗಳಿಗೆ ದೊರೆತಿರುವ ವಿನಾಯಿತಿಗೂ ಷರತ್ತುಗಳಿವೆ.

ಆ) ಸಂಬಂಧಿತರೊಡನೆ ವ್ಯವಹಾರ: ಸಹೋದರ ಸಂಸ್ಥೆಯಿಂದ ಕೊಂಡಾಗ ಅದೇ ದಿನ ಹೊರಗಿನವರಿಂದ ಪಡೆದ ದರಪಟ್ಟಿಯನ್ನು ಕಡತದಲ್ಲಿಡುವುದು ಕ್ಷೇಮ. ನಿರ್ದೇಶಕರ ಹಿತಾಸಕ್ತಿಯ ಘೋಷಣೆಗೆ 184ನೇ ಕಲಮು, ಸಂಬಂಧಿತರ ವ್ಯವಹಾರಕ್ಕೆ 188ನೇ ಕಲಮು ಅನ್ವಯಿಸುತ್ತವೆ.

ಇ) ಬಾಯಿಮಾತಿನ ಆದೇಶ: ದೂರವಾಣಿಯಲ್ಲಿ ಬಂದ ದೊಡ್ಡವರ ಸೂಚನೆಯಂತೆ ಸಾಲ ಮಂಜೂರು ಮಾಡಿದ ಆಡಳಿತ ಮಂಡಳಿಯ ಸದಸ್ಯರು, ವಿಚಾರಣೆಯ ದಿನ ಒಂಟಿಯಾಗಿ ನಿಲ್ಲುತ್ತಾರೆ. ಆದೇಶವನ್ನು ಲಿಖಿತವಾಗಿ ಕೇಳುವುದು ಅವಿಧೇಯತೆಯಲ್ಲ, ಕರ್ತವ್ಯ.

ಈ) ಸಮಿತಿಯನ್ನು ಬದಿಗೊತ್ತುವುದು: ತುರ್ತು ಎಂಬ ಕಾರಣಕ್ಕೆ ಸಾಲ ಸಮಿತಿಯನ್ನು ದಾಟಿ ನಡೆದ ವ್ಯವಹಾರ ನಂತರದ ಅನುಮೋದನೆಯಿಂದ ಶುದ್ಧವಾಗುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2003ರಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೂ ಅವರ ಬಂಧುಗಳಿಗೂ ಸಾಲ ನೀಡುವುದನ್ನು ನಿರ್ಬಂಧಿಸಿದ್ದು ಇಂತಹ ಕಹಿ ಅನುಭವಗಳ ನಂತರವೇ.

ಉ) ಅಹವಾಲು ಸಲ್ಲಿಸುವ ಕ್ರಮ: ತೆರಿಗೆ ದರ, ಬಾಕಿ ಪಾವತಿ ಮೊದಲಾದ ವಿಷಯಗಳಲ್ಲಿ ಸಂಸದರಿಗೆ ಮನವಿ ಸಲ್ಲಿಸುವಾಗ ಶಾಲು-ಹಾರಗಳಿಗಿಂತ ಒಂದು ಪುಟದ ಅಂಕಿ-ಅಂಶ ಹೆಚ್ಚು ಫಲಕಾರಿ. ಯಾವ ಕಲಮು, ಯಾವ ಅಧಿಸೂಚನೆ, ಎಷ್ಟು ಘಟಕಗಳಿಗೆ ತೊಂದರೆ, ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಸ್ಪಷ್ಟವಾಗಿದ್ದರೆ ಸದಸ್ಯರು ಅದನ್ನು ಸದನದಲ್ಲಿ ಎತ್ತಬಲ್ಲರು. 1993ರಿಂದ ಇಲಾಖಾವಾರು ಸ್ಥಾಯೀ ಸಮಿತಿಗಳಿವೆ. ಮಸೂದೆಯೊಂದು ಸಮಿತಿಯ ಮುಂದಿರುವಾಗ ವಾಣಿಜ್ಯ ಮಂಡಳಿಗಳು ಲಿಖಿತ ಅಭಿಪ್ರಾಯ ಸಲ್ಲಿಸಲು ಅವಕಾಶವಿರುತ್ತದೆ. ಕಾಯ್ದೆ ಜಾರಿಯಾದ ಮೇಲೆ ಬಾಗಿಲು ಮುಚ್ಚಿ ಪ್ರತಿಭಟಿಸುವುದಕ್ಕಿಂತ ಮಸೂದೆಯ ಹಂತದಲ್ಲಿ ಮಾತನಾಡುವುದು ಮೇಲು.

ಉಪಸಂಹಾರ

1960ರ ಸೆಪ್ಟೆಂಬರ್ 8ರಂದು, 48 ವರ್ಷ ತುಂಬಲು ನಾಲ್ಕು ದಿನಗಳಿರುವಾಗ, ಫಿರೋಜ್ ಗಾಂಧಿಯವರು ಹೃದಯಾಘಾತದಿಂದ ನಿಧನರಾದರು. ಸದನದಲ್ಲಿ ಅವರ ಸಕ್ರಿಯ ಕಾಲ ಐದು ವರ್ಷಗಳಷ್ಟು ಮಾತ್ರ. ಅವರ ಭಾಷಣಗಳಿರುವ ಲೋಕಸಭಾ ಚರ್ಚೆಗಳ ಸಂಪುಟಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಲಭ್ಯವಿದ್ದು, ವಾಣಿಜ್ಯ ವಿದ್ಯಾರ್ಥಿಗಳು ಅವನ್ನು ಓದುವುದು ಉಪಯುಕ್ತ.

1999ರ ಕಾಯ್ದೆಯಿಂದ ವಿಮಾ ಕ್ಷೇತ್ರ ಮತ್ತೆ ಖಾಸಗಿಯವರಿಗೆ ತೆರೆಯಿತು. 2022ರ ಮೇ ತಿಂಗಳಿನಲ್ಲಿ ಜೀವ ವಿಮಾ ನಿಗಮದ ಷೇರುಗಳೇ ಷೇರುಪೇಟೆಯಲ್ಲಿ ನೋಂದಣಿಯಾದವು. ಒಡೆತನದ ಚಕ್ರ ಹೀಗೆ ತಿರುಗುತ್ತಿರುತ್ತದೆ. ತಿಂಗಳ ಕೊನೆಯಲ್ಲಿ ಮನೆಖರ್ಚು ಕಳೆದು ಉಳಿದ ಹಣದಲ್ಲಿ ಕಂತು ಕಟ್ಟುವ ಸಣ್ಣ ವ್ಯಾಪಾರಿಯ ಸ್ಥಿತಿ ಮಾತ್ರ 1955ರಲ್ಲಿದ್ದಂತೆಯೇ ಇದೆ. ತನ್ನ ಹಣ ಎಲ್ಲಿ ಹೂಡಿಕೆಯಾಗಿದೆಯೆಂದು ಆತ ಕೇಳಲಾರ. ಅವನ ಪರವಾಗಿ ಕೇಳುವವರು ಇರಬೇಕು. ಆಡಳಿತ ಮಂಡಳಿಯಲ್ಲಿ ಕುಳಿತ ನಿರ್ದೇಶಕ, ಅಢಾವೆ ಪತ್ರಿಕೆಗೆ ಸಹಿ ಹಾಕುವ ಲೆಕ್ಕಪರಿಶೋಧಕ, ಸದನದಲ್ಲಿ ಎದ್ದು ನಿಲ್ಲುವ ಸದಸ್ಯ ಈ ಮೂವರ ಮೇಲೂ ಆ ಹೊಣೆಯಿದೆ. ತನ್ನವರನ್ನು ಕೇಳಬೇಕಾಗಿ ಬಂದಾಗಲೂ ಅದನ್ನು ನಿರ್ವಹಿಸಬಹುದೆಂಬುದಕ್ಕೆ ಫಿರೋಜ್ ಗಾಂಧಿಯವರ ಚರ್ಚೆಗಳು ಸಾಕ್ಷಿಯಾಗಿವೆ.